ಅಳುವವರಿಗೆ ಪ್ರವೇಶವಿಲ್ಲ

ಇಜೇರಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ತಂಗಿ ಕಾಮಾಲೆಯಿಂದ ತೀರಿಕೊಂಡಳು. ಮಣ್ಣು ಕೊಟ್ಟು ನಮ್ಮೂರು ಆಳಂದಕ್ಕೆ ಮರಳಿದರೂ ಅಳು ಮುಗಿಯಲಿಲ್ಲ. ನಮ್ಮ ಕಡೆ ಸಾವಾದ ಮನೆಯವರನ್ನು ಮಾತಾಡಿಸಲು ಬರುವುದೆಂದರೆ ಮಾತಾಡುವುದಲ್ಲ. ಬಂದ ಹೆಣ್ಣುಮಕ್ಕಳು ಹೊಸ್ತಿಲಲ್ಲೇ ಮುಖಕ್ಕೆ ಸೆರಗು ಹಿಡಿದು ರಾಗ ತೆಗೆಯಬೇಕು, ನಾನು ಎದ್ದು ಹೋಗಿ ತೆಕ್ಕೆಬಿದ್ದು ಅಳಬೇಕು. ಅವರೇನೋ ಕಣ್ಣೊರೆಸಿಕೊಂಡು ಚಹಾ ಕುಡಿದು ಹೋಗುತ್ತಿದ್ದರು. ಆಮೇಲೆ ಇನ್ನೊಂದು ಗುಂಪು. ಪ್ರತಿ ಸಲವೂ ತಂಗಿ ನನಗೆ ಹೊಸದಾಗಿ ಸಾಯುತ್ತಿದ್ದಳು.

ಒಂದು ಮಧ್ಯಾಹ್ನ ಯಾರದೋ ಕೊರಳಿಗೆ ಬಿದ್ದಿದ್ದಾಗಲೇ ಎದೆ ಹಿಂಡಿದಂತಾಗಿ ಕುಸಿದು ಕೂತೆ. ಮೈಯೆಲ್ಲ ಬೆವರು, ಉಸಿರೇ ಸಿಗದು.

"ದುಃಖದಾಗ ಹಂಗೇ ಆಗ್ತದವ್ವಾ. ಇನ್ನಷ್ಟು ಅಳು, ಹಗುರಾಗ್ತದ" ಎಂದು ಸುತ್ತಲಿದ್ದವರು ಬೆನ್ನು ಸವರಿದರು. ನನ್ನ ಗಂಡ ಮಾತ್ರ ಯಾರ ಮಾತೂ ಕೇಳದೆ ಗಾಡಿ ಮಾಡಿ ಕಲಬುರಗಿಯ ಆಸ್ಪತ್ರೆಗೆ ಒಯ್ದರು.

ರಕ್ತನಾಳಗಳಲ್ಲಿ ಅಡ್ಡಿಯೇನೂ ಇರಲಿಲ್ಲ. ಹೃದಯವೇ ಸೋತಿತ್ತು. "ದೊಡ್ಡ ಆಘಾತ ಆದಾಗ ಕೆಲವರಿಗಿ ಹಿಂಗ ಆಗ್ತದರಿ. ಭಾಳ ಮಂದಿಗಿ ಸುಧಾರಿಸ್ತದ. ಗುಳಿಗಿ ಬಿಡಬ್ಯಾಡ್ರಿ, ಸ್ವಲ್ಪ ದಿನ ಗದ್ದಲ ಬ್ಯಾಡ" ಎಂದರು ಡಾಕ್ಟರು.

ಇಷ್ಟು ಸಾಕಾಯಿತು ನಮ್ಮ ಯಜಮಾನರಿಗೆ. ಮನೆಗೆ ಬಂದವರೇ ಬಾಗಿಲಲ್ಲಿ ಕುರ್ಚಿ ಹಾಕಿ ಕೂತರು. "ನಗಸೋದಿದ್ರ ಒಳಗ ಹೋಗ್ರಿ, ಅಳಸೋದಿದ್ರ ಇಲ್ಲಿಂದಲೇ ಹೊಂಡ್ರಿ!" ಓಣಿಯವರು ಮುಖ ಊದಿಸಿಕೊಂಡು ಹೋದರು. ಮದುವೆಯಾದಾಗಿನಿಂದ ನನಗೊಂದು ಸೂಜಿ ಹುಡುಕಿಕೊಡದ ಮನುಷ್ಯ ಹೀಗೆ ಕಾವಲು ಕೂತದ್ದು ನೋಡಿ ನಗುವೂ ಬಂತು, ಪ್ರೀತಿಯೂ ಉಕ್ಕಿತು. ಆದರೆ ಮನೆ ಬಿಕೋ ಎನ್ನತೊಡಗಿತು. ತಂಗಿಯ ಹೆಸರೆತ್ತಿದರೆ ನನಗೇನಾದರೂ ಆದೀತೆಂದು ಯಾರೂ ಎತ್ತುತ್ತಿರಲಿಲ್ಲ. ನಾನೂ ಹೆದರಿದ್ದೆ. ಅವಳ ನೆನಪಾದ ಕೂಡಲೇ ಕೈ ಎದೆಗೆ ಹೋಗುತ್ತಿತ್ತು.

ಅಷ್ಟರಲ್ಲಿ ಇಜೇರಿಯಿಂದ ಬಸ್ಸು ಹಿಡಿದು ತಂಗಿಯ ಅತ್ತೆ ಬಂದರು. ಕುರ್ಚಿ ಅಡ್ಡ ಬಂತು.

"ಯವ್ವಾ, ಅಳಬಾರದಂತ ಡಾಕ್ಟರ್ ಹೇಳ್ಯಾರ್ರಿ."

"ಅಳೋದು ಮುಗಿಸೇ ಬಂದೇನಪ್ಪಾ. ಅಕಿ ಬಗ್ಗ ಮಾತಾಡಾಕ ನನಗ ಯಾರೂ ಸಿಕ್ಕಿಲ್ಲ. ಒಳಗ ಬಿಡು."

"ಬಿಡ್ರೀ ಅವರ್ನ" ಎಂದು ಒಳಗಿನಿಂದ ಕೂಗಿದೆ.

ಮುದುಕಿ ನನ್ನ ಮಗ್ಗುಲಲ್ಲಿ ಕೂತು, ಬಿಪಿಯ ಪಥ್ಯದಲ್ಲಿದ್ದ ತನಗೆ ಸೊಸೆ ಕದ್ದು ಮಿರ್ಚಿ ಭಜಿ ತಿನ್ನಿಸುತ್ತಿದ್ದದ್ದನ್ನು ಹೇಳಿದರು. ಮಗ ಬಂದಾಗ ಸೆರಗಿನಲ್ಲಿ ಮುಚ್ಚಿಟ್ಟು, ಎಣ್ಣೆ ಸೋರಿ ಇಬ್ಬರೂ ಸಿಕ್ಕಿಬಿದ್ದರಂತೆ. ನಾನು ಗಹಗಹಿಸಿ ನಕ್ಕೆ. ನಗುತ್ತಿದ್ದಂತೆಯೇ ಕಣ್ಣೀರು ಹರಿಯಿತು. ಈ ಅಳುವಿಗೆ ರಾಗವಿರಲಿಲ್ಲ. ಬಾಗಿಲಲ್ಲಿ ಯಜಮಾನರು ಗಾಬರಿಯಿಂದ ಎದ್ದು ನಿಂತರು. ನನ್ನ ಎದೆಗೆ ಏನೂ ಆಗಲಿಲ್ಲ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಸ್ಕ್ಯಾನಿಂಗ್ ಯಂತ್ರದ ಪರದೆ ನನ್ನ ಕಡೆ ತಿರುಗಿಸಿದರು. ಹೃದಯ ಮೊದಲಿನಂತೆ ಬಡಿಯುತ್ತಿತ್ತು. ಅವಳಿಲ್ಲದೆಯೂ ಬಡಿಯುತ್ತಿದೆಯಲ್ಲ ಎಂದು ಒಂದು ಗಳಿಗೆ ಅದರ ಮೇಲೆ ಸಿಟ್ಟೇ ಬಂತು. ಆಮೇಲೆ, ಬಡಿಯಲಿ ಬಿಡು ಎನ್ನಿಸಿತು. ಅವಳ ಕಥೆಗಳು ಇನ್ನೂ ಎಷ್ಟು ಮನೆಗಳಲ್ಲಿವೆಯೋ, ಕೇಳಲು ನಾನಿರಬೇಕಲ್ಲ.

"ಏನಂದ್ರು?" ಹೊರಗೆ ಕೂತಿದ್ದ ಯಜಮಾನರು ಎದ್ದು ಬಂದರು.

"ಆರಾಮ ಆಗೇನಿ. ಇನ್ನ ಬಾಗಿಲ ಬಿಡ್ರಿ, ಬರೋರು ಬರ್ಲಿ" ಎಂದೆ.