ಬೆರಳಿಗೆ ಸಿಕ್ಕ ರೈಲು ನಿಲ್ದಾಣ

ಬೆಳಗಿನ ಐದು ಗಂಟೆ. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರು ಮಂಡಿಯೂರಿ ಕೂತು ಅಳತೆಯ ಟೇಪನ್ನು ನೆಲಕ್ಕೆ ಒತ್ತಿ ಹಿಡಿದಿದ್ದಾರೆ. ಟೇಪಿನ ಒಂದು ತುದಿ ಕಂಬದ ಬುಡದಲ್ಲಿ, ಇನ್ನೊಂದು ತುದಿ ಕುಡಿಯುವ ನೀರಿನ ನಲ್ಲಿಯ ಹತ್ತಿರ. ಮೊದಲ ರೈಲಿಗೆ ಬಂದ ಪ್ರಯಾಣಿಕರೊಬ್ಬರು, "ಏನ್ ಕಳ್ಕೊಂಡ್ರಿ ಯಜಮಾನ್ರೇ, ಉಂಗುರಾನಾ?" ಎನ್ನುತ್ತಾ ತಾವೂ ಬಗ್ಗಿ ಹುಡುಕತೊಡಗುತ್ತಾರೆ.

"ಏನೂ ಕಳ್ಕೊಂಡಿಲ್ಲ ಸ್ವಾಮಿ. ಈ ನಲ್ಲಿ ಮೊನ್ನೆ ರಿಪೇರೀಲಿ ಆರಡಿ ಆ ಕಡೆ ಹೋಗಿದೆ. ನಮ್ಮ ಸ್ಟೇಷನ್ನಲ್ಲೂ ಆ ಕಡೆ ಹಾಕ್ಬೇಕು."

"ಇದು ಯಾರ ಸ್ಟೇಷನ್ನು ಮತ್ತೆ?" ಎಂದು ಕೇಳಿದವರು ತಲೆ ಕೆರೆದುಕೊಳ್ಳುತ್ತಾರೆ.

ಮಂಡಿಯೂರಿ ಕೂತಿರುವವರು ನಿಲ್ದಾಣದ ಬಡಗಿ. ಒಂಬತ್ತು ಪ್ಲಾಟ್‌ಫಾರ್ಮು, ದಿನಕ್ಕೆ ನಾನೂರಕ್ಕೂ ಹೆಚ್ಚು ರೈಲು ಇರುವ ಈ ನಿಲ್ದಾಣದಲ್ಲಿ ಇನ್ನೂರ ಎಂಬತ್ತಾರು ಬೆಂಚುಗಳಿವೆ. ಅಷ್ಟನ್ನೂ ಇಪ್ಪತ್ತೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿರುವವರು ಇವರೇ. ಸಾಮಾನು ಹೊರುವವರಿಂದ ಹಿಡಿದು ಸ್ಟೇಷನ್ ಮಾಸ್ಟರವರೆಗೆ ಎಲ್ಲರ ಬಾಯಲ್ಲೂ ಇವರು 'ಬೆಂಚಣ್ಣ'. ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತದಂತೆ.

"ಕೂತವರು ಯಾರೂ ಬೆಂಚಿನ ಬಗ್ಗೆ ಯೋಚನೆ ಮಾಡಲ್ಲ. ಮಾಡಿದ್ರು ಅಂದ್ರೆ ಎಲ್ಲೋ ಮೊಳೆ ಚುಚ್ಚಿದೆ ಅಂತ ಅರ್ಥ," ಎಂದು ನಗುತ್ತಾರೆ.

ಅವರು 'ನಮ್ಮ ಸ್ಟೇಷನ್ನು' ಎನ್ನುವುದು ಮುಖ್ಯದ್ವಾರದ ಪಕ್ಕದ ವಿಶ್ರಾಂತಿ ಕೊಠಡಿಯಲ್ಲಿದೆ. ಎಂಟಡಿ ಉದ್ದ, ಮೂರಡಿ ಅಗಲದ ಮೇಜಿನ ಮೇಲೆ ಇಡೀ ನಿಲ್ದಾಣ. ಹಳಿ, ಕಂಬ, ಮೇಲ್ಸೇತುವೆ, ಟಿಕೆಟ್ ಕಿಟಕಿ, ಶೌಚಾಲಯ, ಎಲ್ಲವೂ ಮರದಲ್ಲಿ ಮಾಡಿದ್ದು. ಗುಂಡಿ ಒತ್ತಿದರೆ ಪುಟ್ಟ ರೈಲೊಂದು ನಿಧಾನವಾಗಿ ಬಂದು ನಿಲ್ಲುತ್ತದೆ. ಆದರೆ ಇದು ನೋಡುವುದಕ್ಕೆ ಮಾಡಿದ ಮಾದರಿಯಲ್ಲ. ಕಣ್ಣು ಕಾಣದವರು ಮುಟ್ಟಿ ದಾರಿ ತಿಳಿಯಲಿ ಎಂದು ಮಾಡಿದ್ದು.

ಇದು ಶುರುವಾದದ್ದು ಮೂರು ವರ್ಷದ ಹಿಂದೆ. ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿರುವ ಮಹಿಳೆಯೊಬ್ಬರು ಹದಿನಾರು ವರ್ಷದಿಂದ ಇಲ್ಲಿ ರೈಲು ಬದಲಿಸುತ್ತಿದ್ದರು. ಹುಟ್ಟಿನಿಂದಲೇ ಅವರಿಗೆ ದೃಷ್ಟಿಯಿಲ್ಲ. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಮೇಲ್ಸೇತುವೆ ಹತ್ತಿ, ಏಳನೆಯದಕ್ಕೆ ಇಳಿಯುವುದು ದಿನನಿತ್ಯದ ದಾರಿ. ಒಂದು ಬೆಳಿಗ್ಗೆ ಏಳನೆಯದರ ಮೆಟ್ಟಿಲನ್ನು ಮುಚ್ಚಿ, ಇನ್ನಷ್ಟು ದೂರದಲ್ಲಿ ಹೊಸದನ್ನು ತೆರೆದಿದ್ದರು. ಸೂಚನೆ ಇದ್ದದ್ದು ಫಲಕದಲ್ಲಿ ಮಾತ್ರ. ಅವರು ತಡೆಗೋಡೆಗೆ ಡಿಕ್ಕಿ ಹೊಡೆದು ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಹತ್ತಿರದಲ್ಲೇ ಬೆಂಚು ರಿಪೇರಿ ಮಾಡುತ್ತಿದ್ದ ಬೆಂಚಣ್ಣ ಓಡಿಹೋಗಿ ಎಬ್ಬಿಸಿ ಕೂರಿಸಿದರು. "ನೋವಿಗೆ ಅಳ್ತಾರೆ ಅಂದ್ಕೊಂಡೆ. ಅವರು ಅತ್ತಿದ್ದು ಅದಕ್ಕಲ್ಲ. 'ಅಣ್ಣಾ, ನನಗೆ ಈ ಸ್ಟೇಷನ್ನು ಒಂದು ದಾರದ ಹಾಗೆ ಗೊತ್ತಿತ್ತು. ದಾರ ಕಿತ್ತುಹೋಯ್ತು, ಈಗ ನಾನೆಲ್ಲಿದ್ದೀನಿ ಅಂತಾನೇ ಗೊತ್ತಿಲ್ಲ' ಅಂದ್ರು."

ಬಿದ್ದ ಸುದ್ದಿ ಕೇಳಿ ಆ ಮಹಿಳೆಯ ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನು ಒಬ್ಬಳೇ ಓಡಾಡುವ ಹಾಗಿಲ್ಲ. ಜೊತೆಗೆ ಬರುವವರು ಯಾರೂ ಇಲ್ಲ. ಅಂದರೆ ಕೆಲಸ ಬಿಟ್ಟ ಹಾಗೆಯೇ. ಕೈಗೆ ಹಾಕಿದ ಪಟ್ಟಿ ಬಿಚ್ಚಲು ಆರು ವಾರ ಇತ್ತು.

ಆ ಆರು ವಾರದಲ್ಲಿ ಬೆಂಚಣ್ಣ ತಮ್ಮ ಮನೆಯ ಊಟದ ಮೇಜಿನ ಮೇಲೆ ಮೂರನೆಯದರಿಂದ ಏಳನೆಯದರವರೆಗಿನ ನಿಲ್ದಾಣವನ್ನು ಕಟ್ಟಿದರು. ಪ್ರತಿ ಬೆಳಿಗ್ಗೆ ಜನ ಸೇರುವ ಮೊದಲು ಅಳತೆ, ಸಂಜೆ ಮರಗೆಲಸ. ಹೆಬ್ಬೆರಳಿನ ಅಗಲಕ್ಕೆ ಐದು ಹೆಜ್ಜೆ ಎಂಬುದು ಅವರ ಲೆಕ್ಕ. "ಮೆಟ್ಟಿಲು ಮಾತ್ರ ಲೆಕ್ಕ ಮೀರಿ ದೊಡ್ಡದು ಮಾಡಿದೆ. ಬೆರಳಿಗೆ ಎಣಿಸೋಕೆ ಸಿಗ್ಬೇಕಲ್ಲ."

ಹೊಲಿಗೆ ಕೆಲಸ ಮಾಡುವ ಅವರ ಹೆಂಡತಿ ಮೊದಮೊದಲು ಗೊಣಗಿದರಂತೆ. "ನೆಲದ ಮೇಲೆ ಕೂತು ಊಟ ಮಾಡಿದ್ವಿ. ಉಪ್ಪಿನ ಡಬ್ಬಿ ಕೇಳಿದ್ರೆ, ಐದನೇ ಪ್ಲಾಟ್‌ಫಾರ್ಮಲ್ಲಿದೆ ನೋಡು ಅನ್ನೋರು," ಎನ್ನುವ ಅವರಿಗೆ ಈಗಲೂ ನಗು ತಡೆಯಲಾಗುವುದಿಲ್ಲ. ಆದರೆ ದೊಡ್ಡ ಉಪಾಯ ಹೊಳೆದದ್ದು ಅವರಿಗೇ. ಪ್ಲಾಟ್‌ಫಾರ್ಮಿನ ಅಂಚಿಗೆ ಮರ ಉಜ್ಜುವ ಒರಟು ಉಪ್ಪುಕಾಗದ, ನಡೆಯುವ ದಾರಿಗೆ ನುಣುಪು ಬಟ್ಟೆ, ಹಳಿಯ ಜಾಗಕ್ಕೆ ಏನನ್ನೂ ಅಂಟಿಸದ ತಣ್ಣನೆಯ ತಗಡು. "ಒರಟು ಸಿಕ್ತು ಅಂದ್ರೆ ಅಲ್ಲೇ ನಿಲ್ಬೇಕು. ಹೇಳಿಕೊಡೋದೇ ಬೇಡ, ಬೆರಳೇ ಹೇಳುತ್ತೆ."

ಐದನೇ ವಾರ ಆಪರೇಟರ್ ತಮ್ಮ ಅಕ್ಕನೊಂದಿಗೆ ಮನೆಗೆ ಬಂದರು. ಎಡಗೈಯಿಂದ ಸವರುತ್ತಾ ಹೋದವರು ಮೂರನೆಯದರ ಮೆಟ್ಟಿಲಿನ ತುದಿಯಲ್ಲಿ ನಿಂತರು.

"ಅಣ್ಣಾ, ಇಲ್ಲಿ ಒಂದು ಮೆಟ್ಟಿಲು ಕಮ್ಮಿ ಇದೆ."

"ಇಲ್ಲಮ್ಮ, ಇಪ್ಪತ್ತೆರಡೇ. ನಾನೇ ಟೇಪ್ ಹಿಡಿದು ಅಳೆದಿದ್ದೀನಿ."

"ನೀವು ಟೇಪಲ್ಲಿ ಅಳೆದಿದ್ದೀರಿ. ನಾನು ಹದಿನಾರು ವರ್ಷ ಕಾಲಲ್ಲಿ ಹತ್ತಿದ್ದೀನಿ. ಇಪ್ಪತ್ಮೂರು."

ಮರುದಿನ ಹೋಗಿ ಎಣಿಸಿದರೆ ಇಪ್ಪತ್ತಮೂರು! ಬೆಂಚಣ್ಣನ ಮುಖ ಸಣ್ಣದಾಯಿತು. ಒಂದು ಮೆಟ್ಟಿಲು ಸೇರಿಸಿದರೆ ಸೇತುವೆಯ ಎತ್ತರವೇ ಬದಲಾಗುತ್ತದೆ. ಅಂಟು ಒಣಗಿದ್ದ ಇಡೀ ಸೇತುವೆಯನ್ನು ಕಿತ್ತು, ಉಳಿದ ಏಳೇ ದಿನದಲ್ಲಿ ಮತ್ತೆ ಕಟ್ಟಿದರು. "ಬೇಜಾರಾಗ್ಲಿಲ್ವಾ?" ಎಂದು ಕೇಳಿದರೆ, "ಬೇಜಾರೇ? ಖುಷಿ ಆಯ್ತು ಕಣ್ರೀ. ತಪ್ಪು ಕಂಡುಹಿಡಿದ್ರು ಅಂದ್ರೆ ನನ್ನ ಕೆಲಸ ಅವರಿಗೆ ಅರ್ಥ ಆಗಿದೆ ಅಂತ ತಾನೇ?" ಎನ್ನುತ್ತಾರೆ.

ಪಟ್ಟಿ ಬಿಚ್ಚಿದ ಮೇಲೆ ಆಪರೇಟರ್ ದಿನಾ ಬಂದು ಎರಡೂ ಕೈಗಳಿಂದ ದಾರಿ ಕಲಿತರು. ನಂತರದ ಸೋಮವಾರ ಒಬ್ಬರೇ ಹೊರಟರು. ಅಕ್ಕ ಹೇಳದೆ ಕೇಳದೆ ಹಿಂದಿನ ಬೋಗಿ ಹತ್ತಿ ಕೂತಿದ್ದರು. ಬೆಂಚಣ್ಣ ಹೆಗಲಿಗೆ ಚೀಲ ಹಾಕಿಕೊಂಡು ಇಪ್ಪತ್ತು ಹೆಜ್ಜೆ ಹಿಂದೆ ನಡೆದರು. ಆಕೆ ಮೇಲ್ಸೇತುವೆ ದಾಟಿ, ಹೊಸ ಮೆಟ್ಟಿಲನ್ನು ಸರಾಗವಾಗಿ ಇಳಿದು, ಏಳನೆಯದರಲ್ಲಿ ರೈಲಿನ ಬಾಗಿಲು ಬರುವ ಜಾಗಕ್ಕೇ ಹೋಗಿ ನಿಂತರು. ಆಮೇಲೆ ಹಿಂದಕ್ಕೆ ತಿರುಗದೆಯೇ ಹೇಳಿದರು:

"ಅಣ್ಣಾ, ಚೀಲದಲ್ಲಿ ಮೊಳೆ ಸದ್ದು ಮಾಡ್ತಿದೆ. ಕೆಲಸಕ್ಕೆ ಹೋಗಿ. ಅಕ್ಕನ್ನೂ ಮನೆಗೆ ಕಳಿಸಿ, ಅವಳ ಚಪ್ಪಲಿ ಸದ್ದು ನನಗೆ ಗೊತ್ತಾಗಲ್ವಾ?"

ಅಕ್ಕ ಕಂಬದ ಮರೆಯಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರಂತೆ. ಅಂದಿನಿಂದ ಅವರು ತಂಗಿಯನ್ನು ತಡೆದಿಲ್ಲ.

ಸುದ್ದಿ ಸ್ಟೇಷನ್ ಮಾಸ್ಟರ ಕಿವಿಗೂ ಬಿತ್ತು. ಅವರು ಬೆಂಚಣ್ಣನ ಮನೆಗೇ ಬಂದು ಮಾದರಿಯನ್ನು ಕಣ್ಣು ಮುಚ್ಚಿ ಮುಟ್ಟಿ ನೋಡಿದರು. "ಇಡೀ ಸ್ಟೇಷನ್ ಮಾಡಿಕೊಡಿ, ಜಾಗ ನಾನು ಕೊಡ್ತೀನಿ" ಎಂದರು. ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಇಲ್ಲಿಯವರೆಗೆ ಅರವತ್ತಮೂರು ಮಂದಿ ಈ ಮಾದರಿಯಲ್ಲಿ ದಾರಿ ಕಲಿತಿದ್ದಾರೆ. ಆಪರೇಟರ್ ರಜೆಯ ದಿನ ಬಂದು ಹೊಸಬರಿಗೆ ತಾವೇ ಹೇಳಿಕೊಡುತ್ತಾರೆ. ಬೆಂಚಣ್ಣನ ಮನೆಯವರು ಮತ್ತೆ ಮೇಜಿನ ಮೇಲೆ ಊಟ ಮಾಡುತ್ತಿದ್ದಾರೆ.

ಮಾದರಿಗೆ ಗಾಜಿನ ಪೆಟ್ಟಿಗೆ ಮಾಡಿಸೋಣ ಎಂದು ಮೇಲಧಿಕಾರಿಯೊಬ್ಬರು ಹೇಳಿದ್ದುಂಟು. ಬೆಂಚಣ್ಣ ಕೈಮುಗಿದು ಬೇಡವೆಂದರು. ಬೆರಳುಗಳು ಮುಟ್ಟಿ ಮುಟ್ಟಿ ಮೂರನೆಯದರ ಅಂಚಿನ ಉಪ್ಪುಕಾಗದ ಸವೆಯುತ್ತಲೇ ಇರುತ್ತದೆ. ಎರಡು ತಿಂಗಳಿಗೊಮ್ಮೆ ಬದಲಿಸುವ ಕೆಲಸವನ್ನು ಅವರ ಹೆಂಡತಿ ವಹಿಸಿಕೊಂಡಿದ್ದಾರೆ.

ಇನ್ನು ನಾಲ್ಕು ತಿಂಗಳಲ್ಲಿ ಆರನೇ ಪ್ಲಾಟ್‌ಫಾರ್ಮಿಗೆ ಎಸ್ಕಲೇಟರ್ ಬರುತ್ತದೆ. ಬೆಂಚಣ್ಣ ಈಗಾಗಲೇ ಇಂಜಿನಿಯರರ ಬೆನ್ನು ಬಿದ್ದು ನಕ್ಷೆ ಪಡೆದಿದ್ದಾರೆ. ಮರದ ಪಟ್ಟಿಗಳನ್ನು ಪೋಣಿಸಿ, ಬೆರಳಿಟ್ಟರೆ ಮೇಲಕ್ಕೆ ಸರಿಯುವಂತೆ ಮಾಡುವ ಪ್ರಯತ್ನ ನಡೆದಿದೆ. ನಾಲ್ಕು ಸಲ ಕೆಟ್ಟಿದೆ, ಐದನೆಯದು ಪರವಾಗಿಲ್ಲವಂತೆ.

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಹೇಳುತ್ತಾರೆ: "ದೊಡ್ಡದೇನಿಲ್ಲ. ರೈಲ್ವೆಯವರ ಎಸ್ಕಲೇಟರ್ ಶುರುವಾಗೋಕೆ ಒಂದು ದಿನ ಮುಂಚೆ ನನ್ನದು ಶುರುವಾಗ್ಬೇಕು. ಅಷ್ಟೇ."