ಪ್ಯಾರಾಚೂಟ್ ಮಡಿಸುತ್ತಿದ್ದ ನಮ್ಮಪ್ಪ

ಅಪ್ಪ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದರು. ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸಲಿಲ್ಲ. ಉದ್ದನೆಯ ಮೇಜಿನ ಮೇಲೆ ಪ್ಯಾರಾಚೂಟ್ ಹರಡಿ, ಹಗ್ಗಗಳ ಸಿಕ್ಕು ಬಿಡಿಸಿ, ಮಡಿಸಿ ಚೀಲಕ್ಕೆ ತುಂಬುವುದು ಅವರ ಕೆಲಸ. ಮಡಿಸಿದವರು ಸಹಿ ಹಾಕಬೇಕು. ಮನಸ್ಸು ಬಂದಾಗ ಅಧಿಕಾರಿ ಯಾವುದೋ ಚೀಲ ತೋರಿಸಿ, ಮಡಿಸಿದವನೇ ಅದನ್ನು ಕಟ್ಟಿಕೊಂಡು ಹಾರಲಿ ಎನ್ನುತ್ತಿದ್ದರಂತೆ. ಅಪ್ಪ ಹಾಗೆ ಹನ್ನೊಂದು ಸಲ ಹಾರಿದ್ದರು. ಸೈನ್ಯದ ಬಗ್ಗೆ ಮನೆಯಲ್ಲಿ ಅವರು ಹೇಳಿದ್ದು ಇಷ್ಟೇ.

ನಿವೃತ್ತಿಯ ನಂತರ ಆಸ್ಪತ್ರೆಯ ಲಾಂಡ್ರಿಗೆ ಸೇರಿದರು. ಮನೆಯ ಹೊದಿಕೆಗಳನ್ನೂ ಅಂಚಿಗೆ ಅಂಚು ಕೂಡಿಸಿಯೇ ಇಡುತ್ತಿದ್ದರು. ಅಮ್ಮ ರೇಗಿಸುತ್ತಿದ್ದಳು: "ಇದನ್ನ ಹೊದ್ಕೊಳ್ಳೋದಾ, ಹಿಡ್ಕೊಂಡು ಹಾರೋದಾ?"

ಅಪ್ಪನಿಗೆ ಅರವತ್ತೆರಡಾದಾಗ ಒಂದು ಬೆಳಿಗ್ಗೆ, "ನನ್ ಜೊತೆ ಒಂದೂರಿಗೆ ಬರ್ತೀಯಾ ಮಗಳೇ?" ಎಂದು ಕೇಳಿದರು. ವಿಷಯ ತಿಳಿದದ್ದು ಬಸ್ಸಿನಲ್ಲಿ. ಸೈನ್ಯದಲ್ಲಿದ್ದಾಗ ಅವರು ಮಡಿಸಿದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ ಸೈನಿಕನೊಬ್ಬ ಸತ್ತುಹೋಗಿದ್ದ. ಪ್ಯಾರಾಚೂಟ್ ಬಿಚ್ಚಿಕೊಂಡಿತ್ತು, ಆದರೆ ಗಾಳಿ ಅವನನ್ನು ಕಾಲುವೆಗೆ ಎಳೆದೊಯ್ದಿತ್ತು. ಮಡಿಸಿದ್ದರಲ್ಲಿ ತಪ್ಪಿಲ್ಲ ಎಂದು ತನಿಖೆಯವರು ವರದಿ ಬರೆದರು. ಅಪ್ಪನ ಮನಸ್ಸು ಮಾತ್ರ ಒಪ್ಪಲಿಲ್ಲ. ಈಗ ಹೊರಟಿದ್ದು ಅವನ ಹೆಂಡತಿಯನ್ನು ನೋಡಲು.

ಆಕೆ ನಿವೃತ್ತ ಟೀಚರ್. ಬಾಗಿಲು ತೆರೆದ ಕೂಡಲೇ ಅಪ್ಪ ಹೇಳಿಬಿಟ್ಟರು:

"ನಿಮ್ಮ ಯಜಮಾನರ ಪ್ಯಾರಾಚೂಟ್ ಮಡಿಸಿದ್ದು ನಾನು."

ಟೀಚರ್ ಬಾಗಿಲಲ್ಲೇ ನಿಂತು ಹೇಳಿದರು: "ವರದೀಲಿ ನಿಮ್ಮ ಹೆಸರು ನೋಡಿದ್ದೆ. ನೀವು ಬಂದ್ರೆ ಚೆನ್ನಾಗಿ ಬೈದು ಕಳಿಸ್ಬೇಕು ಅಂತ ಎರಡು ವರ್ಷ ಕಾದಿದ್ದೆ."

"ಈಗ ಬೈಯ್ರಿ."

"ಆಮೇಲೆ ವರದೀನ ಪೂರ್ತಿ ಓದಿದೆ. ಒಳಗೆ ಬನ್ನಿ. ಅವರು ಮನೇಲಿ ಕೆಲಸದ ಸುದ್ದಿ ಎತ್ತುತ್ತಲೇ ಇರ್ಲಿಲ್ಲ. ಅಲ್ಲಿ ಹೇಗಿದ್ರು ಅಂತ ನೀವಾದ್ರೂ ಹೇಳಿ."

ಅಪ್ಪ ಮೂರು ಗಂಟೆ ಮಾತಾಡಿದರು. ಆ ಸೈನಿಕ ಹಾರುವ ಮೊದಲು ಬೂಟಿನ ದಾರವನ್ನು ಎರಡೆರಡು ಸಲ ಬಿಗಿಯುತ್ತಿದ್ದದ್ದು, ಕೆಟ್ಟದಾಗಿ ಹಾಡಿ ಎಲ್ಲರನ್ನೂ ನಗಿಸುತ್ತಿದ್ದದ್ದು, ಮಡಿಸುವ ಕೋಣೆಗೆ ಬಂದು "ಅಣ್ಣಾ, ಚೆನ್ನಾಗಿ ಮಡಿಸು" ಎಂದು ಹೇಳಿ ಹೋಗುತ್ತಿದ್ದದ್ದು. ಟೀಚರ್ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಅಪ್ಪನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೊರಗಿ ದಾರಿಯುದ್ದಕ್ಕೂ ನಿದ್ದೆ ಮಾಡಿದರು.

ಅಲ್ಲಿಂದ ಒಂಬತ್ತು ವರ್ಷ, ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು. ಹೋದ ತಿಂಗಳು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಸುದ್ದಿ ತಿಳಿದು ಟೀಚರ್ ಕೋಲೂರಿಕೊಂಡು ಬಂದು ಅಮ್ಮನ ಪಕ್ಕದಲ್ಲಿ ಕೂತರು.

"ನಿಮ್ಮತ್ರ ಏನೇನು ಹೇಳ್ತಿದ್ರು ಇವರು? ನನ್ನತ್ರ ಏನೂ ಹೇಳ್ಲಿಲ್ಲ ನೋಡಿ," ಎಂದಳು ಅಮ್ಮ. ಅದರಲ್ಲಿ ಚೂರು ಮುನಿಸೂ ಇತ್ತು.

"ಹೇಳ್ತೀನಿ ತಂಗಿ," ಎಂದರು ಟೀಚರ್. "ಮೊದಲನೇ ಸಲ ಹಾರೋವಾಗ ಇವರು ವಿಮಾನದ ಬಾಗಿಲು ಬಿಡಲ್ಲ ಅಂತ ಹಟ ಹಿಡಿದಿದ್ರಂತೆ. ಇಬ್ಬರು ಸೇರಿ ಬೆರಳು ಬಿಡಿಸ್ಬೇಕಾಯ್ತಂತೆ."

ಸಾವಿನ ಮನೆ ಎಂಬುದನ್ನೂ ಮರೆತು ಅಮ್ಮ ಫಕ್ಕನೆ ನಕ್ಕಳು.