ರೂತ್‌ಗೊಂದು ಎಡೆ

ಗಸಗಸೆ ಹುರಿಯುವಾಗ ಒಂದು ಕ್ಷಣ ಮೈಮರೆತರೂ ಸೀದುಹೋಗುತ್ತದೆ. ಈ ಬೆಳಿಗ್ಗೆ ನನ್ನದೂ ಅದೇ ಕಥೆ. ಹೊಗೆಯ ಅಲಾರಂ ಕೂಗಿಕೊಂಡಿತು. ಈ ಅಮೆರಿಕದ ಮನೆಗಳಲ್ಲಿ ಸತ್ತ ಹಿರಿಯರಿಗೆ ಸಾಂಬ್ರಾಣಿ ಹಾಕುವುದೂ ಒಂದು ಸಾಹಸವೇ ಬಿಡಿ. ಕಿಟಕಿ ತೆರೆದೆ. ಪಕ್ಕದ ಮನೆಯ ಪರದೆ ಮುಚ್ಚಿತ್ತು. ಹನ್ನಾ ಇದ್ದಿದ್ದರೆ ವಾಸನೆ ಹಿಡಿದು ಬಂದುಬಿಡುತ್ತಿದ್ದರು.

ನಾವಿರುವ ನಾರ್ತ್ ಕ್ರೀಕ್‌ನಲ್ಲಿ ಹನ್ನಾ ನಮ್ಮ ನೆರೆಯ ಅಜ್ಜಿ. ಹುಡುಗಿಯಾಗಿದ್ದಾಗ ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದವರು. ಕೆಲವು ವರ್ಷಗಳ ಹಿಂದೆ ಮಂಡ್ಯದಿಂದ ಅಮ್ಮ ಬಂದಿದ್ದಾಗ ಇಬ್ಬರಿಗೂ ಗೆಳೆತನ ಕುದುರಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ನಾನು ಫ್ಯಾಕ್ಟೋರಿಯಾ ಎಂಬಲ್ಲಿನ ಆಫೀಸಿನಿಂದ ದಣಿದು ಬಂದರೆ, ಮೊಣಕಾಲು ನೋವಿನ ಪುರಾಣವನ್ನು ಎರಡೂ ಕಡೆಗೆ ಅನುವಾದಿಸುವ ಕೆಲಸ ಕಾದಿರುತ್ತಿತ್ತು.

ಒಂದು ಸಂಜೆ ಟೀವಿಯಲ್ಲಿ, ಅಮೆರಿಕದಲ್ಲಿ ತಣ್ಣಗೆ ಬಾಳಿದ್ದ ಶಿಬಿರದ ಕಾವಲುಗಾರನೊಬ್ಬ ಮುಪ್ಪಿನಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು. ‘ಯುದ್ಧ ಮುಗಿಯಿತು, ಅಪರಾಧಿಗಳನ್ನು ಗಲ್ಲಿಗೇರಿಸಲಾಯಿತು’ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದ ಪಂಡಿತ ನಾನು. “ಎಲ್ಲರನ್ನೂ ಆಗಲೇ ನೇಣಿಗೆ ಹಾಕಲಿಲ್ಲವೇ?” ಎಂದೆ.

ಹನ್ನಾ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: “ನಮ್ಮ ಶಿಬಿರದ ಅಧಿಕಾರಿಗೆ ನೇಣು ಎಂದೇ ತೀರ್ಪಾಗಿತ್ತು. ಅಷ್ಟರಲ್ಲಿ ಗೆದ್ದ ಅಮೆರಿಕಕ್ಕೂ ರಷ್ಯಾಕ್ಕೂ ಸಂಬಂಧ ಕೆಟ್ಟುಹೋಯಿತು. ಇವರಿಗೆ ಜರ್ಮನಿಯ ಸ್ನೇಹ ಬೇಕಾಯಿತು. ‘ನಮ್ಮವರನ್ನು ಬಿಡಿ’ ಎಂದು ಅಲ್ಲಿನವರೂ ಕೇಳಿದರು. ನೇಣು ಜೀವಾವಧಿಯಾಯಿತು, ಜೀವಾವಧಿ ಕೆಲವೇ ವರ್ಷವಾಯಿತು. ಅವನು ಮುದುಕನಾಗಿ ತನ್ನ ಹಾಸಿಗೆಯಲ್ಲೇ ಸತ್ತ. ನನ್ನ ತಂಗಿಯನ್ನು ಆಚೆ ಸಾಲಿಗೆ, ಸಾಯಬೇಕಾದವರ ಸಾಲಿಗೆ, ಕಳಿಸಿದವನು ಅವನೇ.”

ಅಮ್ಮನಿಗೆ ಹೇಳಿದೆ. ಅಮ್ಮ ಹನ್ನಾರ ಕೈ ಹಿಡಿದುಕೊಂಡಳು. “ಬಿಡವ್ವ, ಮಾಡಿದ್ದುಣ್ಣೋ ಮಾರಾಯ. ಈ ಜನ್ಮದಲ್ಲಿ ತಪ್ಪುಸ್ಕಂಡ್ರೂ ಮುಂದ್ಲ ಜನ್ಮದಲ್ಲಿ ಉಣ್ತಾನೆ.”

ನಮ್ಮ ಕಡೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ. ಹಾಗೇ ಅನುವಾದಿಸಿದೆ. ಹನ್ನಾ ಕೈ ಬಿಡಿಸಿಕೊಂಡರು.

“ಹಾಗಾದರೆ ನನ್ನ ರೂತ್ ಹಿಂದಿನ ಜನ್ಮದಲ್ಲಿ ಏನು ಮಾಡಿದ್ದಳು? ಅವಳಿಗೆ ಆರು ವರ್ಷ.”

ಇದನ್ನೂ ಕನ್ನಡಕ್ಕೆ ತಂದೆ. ಅಮ್ಮ ತಲೆ ಎತ್ತಲಿಲ್ಲ. ಹನ್ನಾ ಎದ್ದು ಹೋದರು, ಮತ್ತೆ ಬರಲಿಲ್ಲ. ಅಮ್ಮ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು.

ಮಹಾಲಯ ಅಮಾವಾಸ್ಯೆ ಬಂತು. ಅಂದು ನಾವು ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ತಾತನ ಎಲೆಯ ಪಕ್ಕ ಬೀಡಿ ಕಟ್ಟನ್ನೂ ಇಡುವ ಮನೆ ನಮ್ಮದು. ಹಿಂದಿನ ದಿನ ಅಮ್ಮ ನನ್ನನ್ನು ಎಳೆದುಕೊಂಡು ಹೋಗಿ ಹನ್ನಾರ ಬಾಗಿಲು ತಟ್ಟಿದಳು.

“ನಿನ್ ತಂಗಿಗೆ ಏನವ್ವ ಇಷ್ಟವಾಗಿತ್ತು, ತಿನ್ನಕ್ಕೆ?”

ನಾನು ಅನುವಾದಿಸಿದೆ. ಹನ್ನಾ ಅರ್ಧ ತೆರೆದಿದ್ದ ಬಾಗಿಲನ್ನು ಪೂರ್ತಿ ತೆರೆದು ಹೇಳಿದರು: “ಗಸಗಸೆ. ಗಸಗಸೆ ಹಾಕಿದ ಸಿಹಿ.”

ಮನೆಗೆ ಮರಳುವಾಗ ನನಗೆ ಅನುಮಾನ. “ನಮ್ಮೋರಲ್ಲದೋರಿಗೆ ಎಡೆ ಇಡಬಹುದೇನಮ್ಮ?”

“ಹಸ್ಕಂಡು ಹೋಗಿರೋ ಮಗೀನ ಕುಲ ಕೇಳ್ತಾರೇನ್ಲಾ?”

ಅಂಗಡಿಯ ಫ್ರೀಜರಿನಲ್ಲಿ ಸೆಟೆದಿದ್ದ ಬಾಳೆಲೆ ಬಿಸಿನೀರಿಗೆ ಮೆತ್ತಗಾಯಿತು. ತಾತನ ಎಲೆಯ ಪಕ್ಕ ಒಂದು ಪುಟ್ಟ ಎಲೆ, ಅದರಲ್ಲಿ ಗಸಗಸೆ ಪಾಯಸ. ಕರೆದಾಗ ಹನ್ನಾ ಬಂದರು. ಅಮ್ಮ ಅವರ ಕೈಗೆ ನೀರಿನ ಲೋಟ ಕೊಟ್ಟಳು. “ಹೆಸ್ರೇಳಿ ನೀರು ಬಿಡವ್ವ.” ಹನ್ನಾ ಹೆಸರು ಹೇಳಿದರು. ಆಮೇಲೆ ಮಗುವಿನಂತೆ ಅತ್ತರು. ಅಮ್ಮ ಈ ಸಲ ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಿದ್ದಳು. ಆ ಗಾದೆಯನ್ನು ಅವಳ ಬಾಯಲ್ಲಿ ನಾನು ಮತ್ತೆ ಕೇಳಿಲ್ಲ.

ಈ ವಸಂತದಲ್ಲಿ ಹನ್ನಾ ತೀರಿಕೊಂಡರು. ಇಂದು ಮತ್ತೆ ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಸೀದದ್ದನ್ನು ಚೆಲ್ಲಿ ಗಸಗಸೆಯನ್ನು ಮತ್ತೆ ಹುರಿದೆ. ಈ ಸಲ ಒಲೆ ಬಿಟ್ಟು ಕದಲಲಿಲ್ಲ. ಮಗಳು ಎಲೆಗಳನ್ನು ನೋಡಿ ಇಂಗ್ಲಿಷಿನಲ್ಲೇ ಕೇಳಿದಳು, “ಡ್ಯಾಡಿ, ದೊಡ್ಡ ಎಲೆ ಹನ್ನಾ ಅಜ್ಜಿದು. ಈ ಚಿಕ್ಕದು ಯಾರದು?”

“ಅವರ ತಂಗಿದು. ಇನ್ಮೇಲೆ ಅವಳ ಹೆಸರು ಹೇಳೋಕೆ ನಾವೇ ಇರೋದು,” ಎಂದು ಲೋಟ ಅವಳ ಕೈಗೆ ಕೊಟ್ಟೆ. “ರೂತ್ ಅಂತ ಹೇಳು. ಜೋರಾಗಿ ಹೇಳು.”